ಪಾಠದ ಸರ್ವರ್ ಕಾಲೇಜಿನ ಒಳಗೇ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಕಾಲೇಜಿನಲ್ಲಿ ‘ಸ್ಮಾರ್ಟ್ ಕ್ಲಾಸ್’ ಎಂದರೆ ಗೋಡೆಗೆ ದೊಡ್ಡ ಪರದೆ, ಮೂಲೆಗೊಂದು ಕ್ಯಾಮೆರಾ ಎಂದಾಗಿದೆ. ಬಿಲ್ ಪಾಸಾಗುತ್ತದೆ, ಉದ್ಘಾಟನೆಯ ದಿನ ನೇರಪ್ರಸಾರವೂ ಆಗುತ್ತದೆ. ಆಮೇಲೆ ರೆಕಾರ್ಡ್ ಆದ ಪಾಠಗಳು ಯಾರದೋ ಪೆನ್‌ಡ್ರೈವ್‌ನಲ್ಲಿ ಕೂತಿರುತ್ತವೆ. ಪರೀಕ್ಷೆ ಹತ್ತಿರ ಬಂದಾಗ ವಿದ್ಯಾರ್ಥಿಗಳು ಕೇಳಿದರೆ ಆ ‘ಯಾರೋ’ ವರ್ಗವಾಗಿ ಹೋಗಿರುತ್ತಾರೆ. ಇಲ್ಲಿ ಬಿಟ್ಟುಹೋಗಿರುವುದು ಪಾಠಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ಒಂದು ಸರ್ವರ್, ಅದೂ ಕಾಲೇಜಿನ ಆವರಣದೊಳಗೆ. ಅದನ್ನು ಹೇಗೆ ಕಟ್ಟಬಹುದು, ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ. ಟೆಂಡರ್ ಬರೆಯುವವರ ಕಣ್ಣಿಗೆ ಬಿದ್ದರೆ ಒಳ್ಳೆಯದು.

ದೂರದಿಂದ ಪಾಠ ಕೇಳುವುದು ಕರ್ನಾಟಕಕ್ಕೆ ಹೊಸತಲ್ಲ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್ ಉಪಗ್ರಹವನ್ನು ಮೊದಮೊದಲು ಬಳಸಿದವರಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಉಪಗ್ರಹದಲ್ಲಿ ಒಂದು ಅನುಕೂಲವಿತ್ತು. ಮೇಲಿಂದ ಪಾಠದ ಒಂದೇ ಪ್ರತಿ ಇಳಿಯುತ್ತದೆ, ಡಿಶ್ ಇಟ್ಟವರೆಲ್ಲ ಹಿಡಿದುಕೊಳ್ಳಬಹುದು, ಹತ್ತು ಕಾಲೇಜಾದರೂ ನೂರು ಕಾಲೇಜಾದರೂ ಕಳಿಸುವವರಿಗೆ ಹೊರೆ ಅಷ್ಟೇ. ಇಂಟರ್ನೆಟ್ಟಿನಲ್ಲಿ ಹಾಗಲ್ಲ. ನೋಡುವ ಒಬ್ಬೊಬ್ಬರಿಗೂ ಒಂದೊಂದು ಪ್ರತಿ ಹರಿಯಬೇಕು. ಹಾಸ್ಟೆಲ್ಲಿನಲ್ಲಿ ನೂರು ಮಂದಿ ಒಂದೇ ಪಾಠವನ್ನು ಯೂಟ್ಯೂಬಿನಲ್ಲಿ ನೋಡಿದರೆ ಅದು ಕಾಲೇಜಿನ ತಂತಿಯಲ್ಲಿ ನೂರು ಸಲ ಒಳಗೆ ಬರುತ್ತದೆ. ಪಾಠ ನಡೆದದ್ದು ಪಕ್ಕದ ಕಟ್ಟಡದ ಎರಡನೇ ಮಹಡಿಯಲ್ಲಿ!

ಲೆಕ್ಕ ಸರಳ. ಸೆಕೆಂಡಿಗೆ 1 ಮೆಗಾಬಿಟ್ ಎಂದರೆ ಗಂಟೆಗೆ 450 ಎಂಬಿ. ಹಲಗೆಯ ಅಕ್ಷರ ಸ್ಪಷ್ಟವಾಗಿ ಕಾಣುವ 720ಪಿ ಚಿತ್ರಕ್ಕೆ 1.5 ಮೆಗಾಬಿಟ್ ಸಾಕು, ಗಂಟೆಗೆ 675 ಎಂಬಿ ಆಯಿತು. ನೂರು ಮಂದಿಗೆ 150 ಮೆಗಾಬಿಟ್. ಹೊರಗಿನ ಬ್ರಾಡ್‌ಬ್ಯಾಂಡ್ ಇಷ್ಟಕ್ಕೇ ಉಸಿರುಗಟ್ಟುತ್ತದೆ, ಆದರೆ ಆವರಣದೊಳಗಿನ ಮಾಮೂಲಿ ಗಿಗಾಬಿಟ್ ಸ್ವಿಚ್ಚಿಗೆ ಐನೂರು ಮಂದಿಗೆ ಕೊಡುವುದೂ ಕಷ್ಟವಲ್ಲ. ಮನೆಯಲ್ಲಿ ಮೊಬೈಲ್ ಡೇಟಾದಲ್ಲಿ ನೋಡುವವರ ಲೆಕ್ಕ ಬೇರೆ. ದಿನಕ್ಕೆ ಒಂದೂವರೆ ಜಿಬಿ ಇದ್ದರೆ 720ಪಿ ಪಾಠ ಎರಡಕ್ಕೇ ಅದು ಖಾಲಿ. ಆದ್ದರಿಂದ ಒಂದೊಂದು ಪಾಠವನ್ನೂ ಮೂರು ಗಾತ್ರದಲ್ಲಿ ಇಡಬೇಕು: 1.5 ಮೆಗಾಬಿಟ್ಟಿನ 720ಪಿ, ಧ್ವನಿಯೂ ಸೇರಿ 250 ಕಿಲೋಬಿಟ್ಟಿನ 240ಪಿ, ಮತ್ತು 64 ಕಿಲೋಬಿಟ್ಟಿನ ಬರೀ ಧ್ವನಿ. ಎರಡನೆಯದು ಗಂಟೆಗೆ 112 ಎಂಬಿ, ಮೂರನೆಯದು 29 ಎಂಬಿಯೊಳಗೆ. ಬರೀ ಧ್ವನಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇತಿಹಾಸದ ಪಾಠವನ್ನು ಬಸ್ಸಿನಲ್ಲಿ ಕೇಳುತ್ತ ಬರುವ ಹುಡುಗಿಗೆ ಮೇಷ್ಟ್ರ ಮುಖ ಕಾಣಬೇಕಾಗಿಲ್ಲ, ಸ್ಲೈಡಿನ ಪಿಡಿಎಫ್ ಜೊತೆಗಿದ್ದರೆ ಸಾಕು.

ಯಂತ್ರಕ್ಕೆ ದುಬಾರಿ ರ್‍ಯಾಕ್ ಸರ್ವರ್ ಬೇಡ. ನಾಲ್ಕು ಕೋರ್‌ಗಳ ಒಂದು ಡೆಸ್ಕ್‌ಟಾಪ್, 16 ಜಿಬಿ ರ್‍ಯಾಮ್, ಕಾರ್ಯಾಚರಣ ವ್ಯವಸ್ಥೆಗೆ ಸಣ್ಣ ಎಸ್‌ಎಸ್‌ಡಿ, ಪಾಠಗಳಿಗೆ ತಲಾ 4 ಟಿಬಿಯ ಎರಡು ಹಾರ್ಡ್‌ಡಿಸ್ಕ್. ನಾಲ್ಕು ಕೊಠಡಿ, ದಿನಕ್ಕೆ ಕೊಠಡಿಗೆ ಐದು ಗಂಟೆ ಎಂದರೆ 20 ಗಂಟೆಯ ಪಾಠ, 720ಪಿ ಪ್ರತಿಯೇ 13.5 ಜಿಬಿ. 180 ಕೆಲಸದ ದಿನಕ್ಕೆ ಸುಮಾರು 2.4 ಟಿಬಿ. ಎರಡು ಡಿಸ್ಕುಗಳನ್ನು ಒಂದಕ್ಕೊಂದು ಕನ್ನಡಿಯಂತೆ ಜೋಡಿಸಿದರೆ ಒಂದು ಸತ್ತರೂ ಪಾಠ ಉಳಿಯುತ್ತದೆ. ಆದರೆ ಯಾರಾದರೂ ತಪ್ಪಿ ಫೋಲ್ಡರ್ ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಮೂರನೆಯ ಡಿಸ್ಕಿಗೆ ನಕಲು ತೆಗೆದು ಬೇರೆ ಕಟ್ಟಡದಲ್ಲಿಡಬೇಕು.

ತಂತ್ರಾಂಶಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ. ಡೆಬಿಯನ್ ಅಥವಾ ಉಬುಂಟು ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ, ಅದರ ಮೇಲೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್, ಅದಕ್ಕೊಂದು ಆರ್‌ಟಿಎಂಪಿ (ನೇರ ವಿಡಿಯೊವನ್ನು ಸರ್ವರ್‌ಗೆ ಕಳಿಸುವ ಪದ್ಧತಿ) ಮಾಡ್ಯೂಲ್. ಕೊನೆಯ ಎರಡೂ ಪ್ಯಾಕೇಜ್ ಆಗಿಯೇ ಸಿಗುತ್ತವೆ. ತರಗತಿಯ ಕಂಪ್ಯೂಟರಿನಲ್ಲಿ ಓಬಿಎಸ್ ಸ್ಟುಡಿಯೋ. ಕ್ಯಾಮೆರಾ, ಮೈಕು, ಸ್ಲೈಡುಗಳನ್ನು ಓಬಿಎಸ್ ಒಟ್ಟುಗೂಡಿಸಿ 1935ನೇ ಪೋರ್ಟಿನ (ಸರ್ವರ್‌ನ ಸಂಖ್ಯೆ ಹಾಕಿದ ಬಾಗಿಲು) ಮೂಲಕ ಸರ್ವರ್‌ಗೆ ಕಳಿಸುತ್ತದೆ. ಸರ್ವರ್ ಅದನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ತುಣುಕುಗಳ ಪಟ್ಟಿಯೊಂದನ್ನು ಬರೆಯುತ್ತದೆ. ಇದಕ್ಕೆ ಎಚ್‌ಎಲ್‌ಎಸ್ ಎನ್ನುತ್ತಾರೆ, 2009ರಲ್ಲಿ ಆಪಲ್ ತಂದ ಪದ್ಧತಿ. ಫೋನು ಆ ಪಟ್ಟಿಯನ್ನು ಮತ್ತೆ ಮತ್ತೆ ಓದಿ ಹೊಸ ತುಣುಕುಗಳನ್ನು ಎಳೆದುಕೊಳ್ಳುತ್ತದೆ. ಆರ್‌ಟಿಎಂಪಿಯನ್ನೇ ನೇರವಾಗಿ ಬ್ರೌಸರ್‌ನಲ್ಲಿ ನೋಡುವ ಕಾಲ 2020ರ ಕೊನೆಗೆ ಫ್ಲ್ಯಾಶ್ ಜೊತೆಗೇ ಮುಗಿಯಿತು. ಹಳೆಯ ಟಿಪ್ಪಣಿ ಇಟ್ಟುಕೊಂಡು ಕೂತವರು ಇಲ್ಲೇ ಎರಡು ದಿನ ಕಳೆಯುತ್ತಾರೆ. ಎಂಜಿನ್‌ಎಕ್ಸ್ ಕಠಿಣ ಎನಿಸಿದರೆ ಮೀಡಿಯಾಎಂಟಿಎಕ್ಸ್ ಎಂಬ ಒಂದೇ ಕಡತದ ತಂತ್ರಾಂಶ ಇದೆ, ಇಳಿಸಿಕೊಂಡು ಓಡಿಸಿದರೆ ಆಯಿತು.

ಇನ್ನು ನೇರಪ್ರಸಾರ ಕೆಡುವ ಬಗೆಗಳು. ಮೊದಲನೆಯದು ಕೀಫ್ರೇಮ್. ವಿಡಿಯೊದಲ್ಲಿ ಪ್ರತಿ ಚೌಕಟ್ಟೂ ಪೂರ್ಣ ಚಿತ್ರವಲ್ಲ. ಆಗೊಂದು ಈಗೊಂದು ಪೂರ್ಣ ಚಿತ್ರ, ಅದೇ ಕೀಫ್ರೇಮ್, ನಡುವಿನವು ಬದಲಾವಣೆಗಳ ಟಿಪ್ಪಣಿ ಮಾತ್ರ. ಸರ್ವರ್ ತುಣುಕು ಕತ್ತರಿಸುವುದು ಕೀಫ್ರೇಮ್ ಇರುವ ಕಡೆ. ಓಬಿಎಸ್‌ನಲ್ಲಿ ಕೀಫ್ರೇಮ್ ಅಂತರ ‘0’ ಎಂದು ಬಿಟ್ಟರೆ ವಿಡಿಯೊವನ್ನು ಕುಗ್ಗಿಸುವ ಎನ್‌ಕೋಡರ್ ತನ್ನಿಷ್ಟಕ್ಕೆ 250 ಚೌಕಟ್ಟಿಗೊಂದರಂತೆ ಇಡುತ್ತದೆ, ಅಂದರೆ ಸೆಕೆಂಡಿಗೆ 25 ಚೌಕಟ್ಟಿದ್ದರೆ ಹತ್ತು ಸೆಕೆಂಡಿಗೊಂದು. ಸರ್ವರ್‌ನಲ್ಲಿ ತುಣುಕು 2 ಸೆಕೆಂಡಿನದು ಎಂದು ಎಷ್ಟೇ ಬರೆದರೂ ಬರುವುದು ಹತ್ತು ಸೆಕೆಂಡಿನದೇ. ವಿಡಿಯೊ ತೋರಿಸುವ ತಂತ್ರಾಂಶ (ಪ್ಲೇಯರ್) ಸಾಮಾನ್ಯವಾಗಿ ಮೂರು ತುಣುಕು ಹಿಂದಿನಿಂದ ಶುರುಮಾಡುವುದರಿಂದ ನೋಡುವವರು ಅರ್ಧ ನಿಮಿಷ ಹಿಂದೆ ಬೀಳುತ್ತಾರೆ. ‘ಅರ್ಥವಾಯಿತಾ?’ ಎಂದು ಮೇಷ್ಟ್ರು ಕೇಳಿ, ಉತ್ತರ ಬಾರದೆ, ಮುಂದಿನ ಲೆಕ್ಕಕ್ಕೆ ಹೋದ ಮೇಲೆ ‘ಇಲ್ಲ ಸಾರ್’ ಎಂಬ ಸಂದೇಶ ಬರುತ್ತದೆ. ಕೀಫ್ರೇಮ್ 2 ಸೆಕೆಂಡ್, ತುಣುಕೂ 2 ಸೆಕೆಂಡ್ ಇಟ್ಟರೆ ಈ ಅಂತರ ಆರೆಂಟು ಸೆಕೆಂಡಿಗೆ ಇಳಿಯುತ್ತದೆ. ಇನ್ನೂ ಕಡಿಮೆ ಬೇಕೆಂದರೆ ವಿಡಿಯೊ ಕರೆಗಳಲ್ಲಿ ಬಳಸುವ ವೆಬ್‌ಆರ್‌ಟಿಸಿ ಇದೆ, ಮಾತಿಗೆ ಮಾತು ಕೂಡುತ್ತದೆ, ಆದರೆ ಸರ್ವರ್‌ನ ಹೊರೆ ಜಾಸ್ತಿ. ಮೂವತ್ತು ಮಂದಿಯ ಚರ್ಚೆಗೆ ಅದು ಸರಿ, ಮುನ್ನೂರು ಮಂದಿಯ ಉಪನ್ಯಾಸಕ್ಕೆ ಎಚ್‌ಎಲ್‌ಎಸ್‌ನ ತಡವನ್ನು ಸಹಿಸಿಕೊಳ್ಳುವುದೇ ಜಾಣತನ.

ಎರಡನೆಯದು ಇನ್ನೂ ವಿಚಿತ್ರವಾಗಿ ಕಾಣುತ್ತದೆ: ಪಾಠ ಶುರುವಾಗಿ ಹತ್ತು ಸೆಕೆಂಡ್ ಓಡಿ ನಿಲ್ಲುತ್ತದೆ, ಪುಟ ಮರುತೆರೆದರೆ ಮತ್ತದೇ ಹತ್ತು ಸೆಕೆಂಡ್. ಕಾರಣ ಪಟ್ಟಿಯ ಕಡತವನ್ನು ಮಧ್ಯದ ಪ್ರಾಕ್ಸಿಯೋ (ನಡುವೆ ನಿಂತು ಕಡತ ದಾಟಿಸುವ ಕಂಪ್ಯೂಟರ್) ಬ್ರೌಸರೋ ನೆನಪಿಟ್ಟುಕೊಂಡು ಹಳೆಯದನ್ನೇ ಕೊಡುತ್ತಿರುವುದು. ಪಟ್ಟಿಯನ್ನು ಕ್ಯಾಶ್ ಮಾಡಬೇಡ, ತುಣುಕುಗಳನ್ನು ಮಾಡಬಹುದು ಎಂದು ಎಂಜಿನ್‌ಎಕ್ಸ್‌ಗೆ ಎರಡು ಸಾಲಿನಲ್ಲಿ ಹೇಳಬೇಕು. ತುಣುಕುಗಳನ್ನು ಹಾರ್ಡ್‌ಡಿಸ್ಕಿಗೆ ಬರೆಸುವ ಬದಲು ರ್‍ಯಾಮಿನೊಳಗಿನ ತಾತ್ಕಾಲಿಕ ಫೋಲ್ಡರಿಗೆ ಬರೆಸಿದರೆ ಡಿಸ್ಕಿಗೂ ವಿಶ್ರಾಂತಿ. ಒಂದು ಎಚ್ಚರಿಕೆ: ಹಳೆಯ ತುಣುಕುಗಳು ತಾವಾಗಿಯೇ ಅಳಿಯುತ್ತಿರುತ್ತವೆ, ಅವನ್ನೇ ರೆಕಾರ್ಡಿಂಗ್ ಎಂದು ನಂಬಿ ಕೂರಬಾರದು. ರೆಕಾರ್ಡಿಂಗಿಗೆ ಬೇರೆ ಆಜ್ಞೆ ಇದೆ. ಅದರ ಜೊತೆ ಕಡತದ ಹೆಸರಿಗೆ ಸಮಯ ಸೇರಿಸುವ ಆಯ್ಕೆಯನ್ನೂ ಹಾಕಬೇಕು. ಇಲ್ಲದಿದ್ದರೆ ನಡುವೆ ಸಂಪರ್ಕ ಕಡಿದು ಮತ್ತೆ ಬಂದಾಗ ಎರಡನೇ ಅರ್ಧ ಮೊದಲ ಅರ್ಧದ ಮೇಲೆಯೇ ಬರೆದುಕೊಳ್ಳುತ್ತದೆ.

ಚಿತ್ರ ತಡವರಿಸಿದಾಗ ಎಲ್ಲರೂ ‘ನೆಟ್ ಸ್ಲೋ’ ಎನ್ನುತ್ತಾರೆ. ಓಬಿಎಸ್‌ನ ಅಂಕಿಅಂಶ ಕಿಟಕಿಯಲ್ಲಿ ಮೂರು ಬೇರೆ ಬೇರೆ ಎಣಿಕೆ ಇರುತ್ತದೆ. ನೆಟ್‌ವರ್ಕಿನಿಂದ ಬಿದ್ದ ಚೌಕಟ್ಟುಗಳು ಏರುತ್ತಿದ್ದರೆ ಮಾತ್ರ ತಂತಿಯ ದೋಷ. ಎನ್‌ಕೋಡಿಂಗ್ ಹಿಂದೆ ಬಿದ್ದಿದ್ದರೆ ಪ್ರೊಸೆಸರ್‌ಗೆ ಏದುಸಿರು, ಎನ್‌ಕೋಡರ್‌ನ ವೇಗದ ಆಯ್ಕೆಯನ್ನು ‘ವೆರಿಫಾಸ್ಟ್’ನಿಂದ ‘ಸೂಪರ್‌ಫಾಸ್ಟ್’ಗೆ ಇಳಿಸಿದರೆ ಸಾಕು. ರೆಂಡರಿಂಗ್ ಹಿಂದೆ ಬಿದ್ದಿದ್ದರೆ ಗ್ರಾಫಿಕ್ಸ್ ಚಿಪ್ಪಿನ ಮೇಲೆ ಹೊರೆ. ಚಿಪ್ಪು ಎರಡಿರುವ ಲ್ಯಾಪ್‌ಟಾಪಿನಲ್ಲಿ ಸ್ಲೈಡಿನ ಜಾಗದಲ್ಲಿ ಕಪ್ಪು ಪರದೆ ಬರುವುದಕ್ಕೂ ಚಿಪ್ಪೇ ಕಾರಣ. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಓಬಿಎಸ್ ಯಾವ ಚಿಪ್ಪು ಬಳಸಬೇಕೆಂದು ಹೇಳಿದರೆ ಸರಿಯಾಗುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಎಚ್‌ಇವಿಸಿ ಎಂಬ ಹೊಸ ಬಗೆಯ ಎನ್‌ಕೋಡರ್ ಆಯ್ದುಕೊಂಡು ಏನೂ ಕಾಣುತ್ತಿಲ್ಲವೆಂದು ಗೋಳಾಡುವವರೂ ಇದ್ದಾರೆ. ಸರ್ವರ್‌ನ ಆರ್‌ಟಿಎಂಪಿ ಮಾಡ್ಯೂಲಿಗೆ ಹಳೆಯ ಬಗೆಯಾದ ಎಚ್.264 ಒಂದೇ ಮಾರ್ಗ, ಹಳೆಯ ಫೋನುಗಳಿಗೂ ಅದೇ ಹಿತ.

ಇಷ್ಟಾದರೂ ಚಿತ್ರದ ದೋಷವನ್ನು ವಿದ್ಯಾರ್ಥಿಗಳು ಕ್ಷಮಿಸುತ್ತಾರೆ. ಧ್ವನಿ ಕೆಟ್ಟರೆ ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಕ್ಯಾಮೆರಾದ ದುಡ್ಡಿನಲ್ಲಿ ಅರ್ಧವನ್ನಾದರೂ ಮೈಕಿಗೆ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಲ್ಯಾಪ್‌ಟಾಪಿನ ಮೈಕಿನಲ್ಲಿ ಕೇಳುವುದು ಸೀಲಿಂಗ್ ಫ್ಯಾನಿನ ಗರಗರ, ಪಕ್ಕದ ತರಗತಿಯ ಹಾಜರಿ, ಮೇಷ್ಟ್ರು ಹಲಗೆಯ ಕಡೆ ತಿರುಗಿದಾಗ ಗುಹೆಯೊಳಗಿಂದ ಬಂದಂಥ ದನಿ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು ಬಾಯಿಂದ ಒಂದು ಗೇಣು ದೂರದಲ್ಲಿರಲಿ. ಸೀರೆಯ ಸೆರಗಿಗಾಗಲಿ ಐಡಿ ಕಾರ್ಡಿನ ಸರ ಉಜ್ಜುವ ಜಾಗಕ್ಕಾಗಲಿ ಸಿಕ್ಕಿಸಿದರೆ ಪಾಠದ ತುಂಬ ಸರಸರ. ಓಬಿಎಸ್‌ನ ಧ್ವನಿ ಪಟ್ಟಿ ಮಾತಿಗೆ ಹಳದಿಯಲ್ಲಿ ಆಡುತ್ತಿರಬೇಕು, ಕೆಂಪು ಮುಟ್ಟಬಾರದು. ಪಾಠ ಒಂದೇ ಕಿವಿಯಲ್ಲಿ ಕೇಳುತ್ತಿದೆ ಎಂಬ ದೂರು ಬಂದರೆ ಮೈಕು ಎಡ ಚಾನೆಲ್ಲಿಗೆ ಮಾತ್ರ ಹೋಗುತ್ತಿದೆ ಎಂದರ್ಥ. ‘ಮೊನೊ’ ಎಂಬ ಚೌಕಕ್ಕೆ ಟಿಕ್ ಹಾಕಿದರೆ ಮುಗಿಯಿತು. ತುಟಿ ಒಂದು ಕಡೆ ಮಾತು ಒಂದು ಕಡೆ ಆಗುವುದು ಕ್ಯಾಮೆರಾದ ಚಿತ್ರ ಎಚ್‌ಡಿಎಂಐ ಕ್ಯಾಪ್ಚರ್ ಸಾಧನ ದಾಟಿ ಬರುವಷ್ಟರಲ್ಲಿ ಧ್ವನಿ ಮುಂದೆ ಓಡಿರುವುದರಿಂದ. ಕ್ಯಾಮೆರಾ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ, ಶಬ್ದಕ್ಕೂ ಕೈ ಕೂಡಿದ ಚಿತ್ರಕ್ಕೂ ಎಷ್ಟು ಅಂತರ ಎಂದು ನೋಡಿ, ಅಷ್ಟು ಮಿಲಿಸೆಕೆಂಡ್ ಧ್ವನಿಯನ್ನು ತಡೆಯಬೇಕು. ಅಂತರ 100ರಿಂದ 200ರೊಳಗೆ ಇರುವುದೇ ಹೆಚ್ಚು.

ಹಲಗೆಯ ಮೇಲೆ ಅಡ್ಡ ಪಟ್ಟೆಗಳು ಹರಿದಾಡುತ್ತಿದ್ದರೆ ಕ್ಯಾಮೆರಾ 60 ಹರ್ಟ್ಸ್ ದೇಶಕ್ಕೆ ಹೊಂದಿಸಿದ್ದು. ನಮ್ಮ ವಿದ್ಯುತ್ 50 ಹರ್ಟ್ಸ್. ಟ್ಯೂಬ್‌ಲೈಟು ಅದರ ಎರಡರಷ್ಟು ವೇಗದಲ್ಲಿ ಮಿಣುಕುತ್ತದೆ. ಸೆಟ್ಟಿಂಗಿನಲ್ಲಿ 50 ಆರಿಸಿ, ಸೆಕೆಂಡಿಗೆ 25 ಚೌಕಟ್ಟು, ಶಟರ್ 50ನೇ ಒಂದು ಭಾಗ ಇಟ್ಟರೆ ಪಟ್ಟೆ ಮಾಯ. ವಿದ್ಯಾರ್ಥಿಗಳ ಮುಖ ಚೌಕಟ್ಟಿನೊಳಗೆ ಬೀಳದಂತೆ ಕ್ಯಾಮೆರಾವನ್ನು ಹಿಂದಿನ ಸಾಲಿನ ಬದಲು ನಡುವಿನ ಸಾಲಿನಲ್ಲಿ, ತಲೆಗಿಂತ ಎತ್ತರದಲ್ಲಿ ನಿಲ್ಲಿಸುವುದು ಒಳ್ಳೆಯದು.

ಕನ್ನಡ ಮಾಧ್ಯಮದ ಪಾಠಗಳಿಗೆ ಒಂದು ವಿಶೇಷ ಪೀಡೆ ಇದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪ್ ಮಾಡಿದ ಸ್ಲೈಡುಗಳನ್ನು ಆ ಫಾಂಟ್ ಇಲ್ಲದ ಪ್ರಸಾರದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಮೇಷ್ಟ್ರು ತಮ್ಮ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಂಡು ತಂದರೆ ಆ ದಿನದ ಮಟ್ಟಿಗೆ ಪಾರು. ಆದರೆ ಆ ಪಿಡಿಎಫ್‌ನಲ್ಲಿ ‘ವಿಜಯನಗರ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸುವುದೇ ಸರಿ. ಕಡತದ ಹೆಸರನ್ನು ಮಾತ್ರ ಜಾಗ ಬಿಡದೆ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಇಡಬೇಕು: ಮೊದಲು ವರ್ಷ, ತಿಂಗಳು, ದಿನ, ಆಮೇಲೆ ವಿಷಯದ ಸಂಕೇತ, ಘಟಕದ ಸಂಖ್ಯೆ. ‘ಹೊಸ ಪಾಠ ಫೈನಲ್ 2’ ಎಂಬ ಹೆಸರಿನ ಹನ್ನೊಂದು ಕಡತಗಳಿರುವ ಫೋಲ್ಡರ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

ರೆಕಾರ್ಡ್ ಆದ ಪಾಠಕ್ಕೆ ಎರಡು ಸಂಸ್ಕಾರ ಆಗಬೇಕು. ತರಗತಿಯಲ್ಲಿ ಎಂಕೆವಿ ರೂಪದಲ್ಲೇ ರೆಕಾರ್ಡ್ ಮಾಡುವುದು ಲೇಸು. ಮಾಮೂಲಿ ಎಂಪಿ4 ಕಡತ ಮುಚ್ಚುವ ಮುನ್ನ ಕರೆಂಟು ಹೋದರೆ ಒಂದು ಗಂಟೆಯ ಪಾಠ ಪೂರ್ತಿ ತೆರೆಯದ ಕಲ್ಲಾಗುತ್ತದೆ. ಎಂಕೆವಿಯಲ್ಲಿ ಕರೆಂಟು ಹೋದ ಕ್ಷಣದವರೆಗಿನದು ಉಳಿಯುತ್ತದೆ. ರಾತ್ರಿ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತಕದಿಂದ ಮೂರು ಗಾತ್ರಕ್ಕೆ ಇಳಿಸುವಾಗ ‘ಫಾಸ್ಟ್‌ಸ್ಟಾರ್ಟ್’ ಆಯ್ಕೆ ಮರೆಯಬಾರದು. ಎಂಪಿ4ರ ಸೂಚಿ ಸಾಮಾನ್ಯವಾಗಿ ಕಡತದ ಕೊನೆಯಲ್ಲಿರುತ್ತದೆ. ಈ ಆಯ್ಕೆ ಅದನ್ನು ಮೊದಲಿಗೆ ತರುತ್ತದೆ, ಒತ್ತಿದ ಕೂಡಲೇ ಪಾಠ ಶುರುವಾಗುತ್ತದೆ. ಇಲ್ಲದಿದ್ದರೆ ನಿಧಾನದ ಸಂಪರ್ಕದಲ್ಲಿ ಸುತ್ತುವ ಚಕ್ರವನ್ನೇ ನೋಡುತ್ತ ಕೂರಬೇಕು. ನೇರಪ್ರಸಾರವನ್ನು ಮೂರು ಗಾತ್ರದಲ್ಲಿ ಕೊಡಲು ನಾಲ್ಕೂ ಕೋರ್ ಬೆವರುತ್ತವೆ. ರೆಕಾರ್ಡಿಂಗಿಗೆ ರಾತ್ರಿಯಿಡೀ ಸಮಯವಿದೆ. ರೆಕಾರ್ಡಿಂಗ್ ಮೊದಲು, ನೇರಪ್ರಸಾರ ಆಮೇಲೆ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು, ಗೈರುಹಾಜರಾದವನಿಗೆ ನೇರಪ್ರಸಾರದಿಂದ ಏನು ಬಂತು?

ವೈಫೈ ಬಗ್ಗೆ ಒಂದೇ ಮಾತು: ಗೋಡೆಯ ಮೇಲಿನ ಒಂದು ಪೆಟ್ಟಿಗೆ ಇಪ್ಪತ್ತೈದು–ಮೂವತ್ತು ವಿಡಿಯೊಗಳಿಗಿಂತ ಹೆಚ್ಚು ಹೊರಲಾರದು. ಗ್ರಂಥಾಲಯದ ಕಂಪ್ಯೂಟರುಗಳಿಗೆ ತಂತಿ ಎಳೆದುಬಿಡಿ, ತರಗತಿಯ ಓಬಿಎಸ್ ಕಂಪ್ಯೂಟರಿಗಂತೂ ಕಡ್ಡಾಯ.

ಮಳೆಗಾಲದಲ್ಲಿ ಕರೆಂಟಿನ ಪಾಡು ಗೊತ್ತೇ ಇದೆ. ಸರ್ವರ್‌ಗೆ ಯುಪಿಎಸ್ ಹಾಕಿ, ನಡುವಿನ ಸ್ವಿಚ್ಚನ್ನೂ ಫೈಬರ್ ಪೆಟ್ಟಿಗೆಯನ್ನೂ ಹಾಗೇ ಬಿಟ್ಟಿರುತ್ತಾರೆ. ಸರ್ವರ್ ಓಡುತ್ತಿರುತ್ತದೆ, ಯಾರಿಗೂ ತಲುಪುವುದಿಲ್ಲ. ಎಲ್ಲ ಸೇರಿ 200 ವ್ಯಾಟ್ ಎಂದಿಟ್ಟುಕೊಂಡರೆ 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಐದು ಗಂಟೆಯ ಆಸುಪಾಸು ಎಳೆಯುತ್ತದೆ. ಅದನ್ನು ‘ಯುಪಿಎಸ್ ಮೋಡ್’ನಲ್ಲಿ ಇಡಬೇಕು, ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲೇ ಕಂಪ್ಯೂಟರ್ ಮರುಹುಟ್ಟು ಪಡೆಯಬಹುದು.

ಹೊರಗಿನವರಿಗೂ ಕೊಡಬೇಕೆಂದಾಗ ಹೊಸ ಗೋಡೆ ಎದುರಾಗುತ್ತದೆ. ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಸಾರ್ವಜನಿಕ ಐಪಿ ವಿಳಾಸವನ್ನು ನೂರಾರು ಗ್ರಾಹಕರು ಹಂಚಿಕೊಂಡಿರುತ್ತಾರೆ. ರೂಟರಿನಲ್ಲಿ ಏನೇ ಪೋರ್ಟ್ ತೆರೆದರೂ ಹೊರಗಿಂದ ಬಾಗಿಲು ಸಿಗುವುದಿಲ್ಲ. ಸ್ಥಿರ ಐಪಿ ಕೊಳ್ಳಬಹುದು. ಬಾಡಿಗೆಯ ಕ್ಲೌಡ್ ಸರ್ವರ್‌ಗೆ ಒಂದೇ ಪ್ರತಿ ಕಳಿಸಿ ಅಲ್ಲಿಂದ ಹಂಚಿಸಲೂಬಹುದು, ಆದರೆ ತಲಾ 1 ಮೆಗಾಬಿಟ್ಟಿನಂತೆ 200 ಮಂದಿ ಒಂದು ಗಂಟೆ ನೋಡಿದರೆ 90 ಜಿಬಿ ಹರಿದಿರುತ್ತದೆ, ತಿಂಗಳ ಮಿತಿ ಎಷ್ಟೆಂದು ಮೊದಲೇ ನೋಡಿಕೊಳ್ಳಬೇಕು. ಇಲ್ಲಿ ಯೂಟ್ಯೂಬಿಗೆ ನನ್ನ ತಕರಾರಿಲ್ಲ. ಓಬಿಎಸ್‌ನಿಂದ ಬಂದ ಹರಿವನ್ನು ಎಂಜಿನ್‌ಎಕ್ಸ್ ಒಂದು ಸಾಲಿನ ಆಜ್ಞೆಯಲ್ಲಿ ಅಲ್ಲಿಗೂ ತಳ್ಳುತ್ತದೆ: ಒಳಗಿನವರಿಗೆ ಒಳಗಿನದು, ಹೊರಗಿನವರಿಗೆ ಹೊರಗಿನದು. ಹೊಸ ಚಾನೆಲ್ಲಿಗೆ ನೇರಪ್ರಸಾರದ ಅನುಮತಿ ಸಿಗಲು 24 ಗಂಟೆವರೆಗೂ ಹಿಡಿಯುವುದರಿಂದ ಕಾರ್ಯಕ್ರಮದ ಬೆಳಿಗ್ಗೆ ಚಾನೆಲ್ ತೆರೆಯಲು ಕೂರಬಾರದು ಅಷ್ಟೇ. ಅಪ್‌ಲೋಡ್ ವೇಗವನ್ನು ರಾತ್ರಿ ಅಳೆದು ಹಿಗ್ಗುವುದೂ ಬೇಡ. ತರಗತಿ ನಡೆಯುವ ಹನ್ನೊಂದು ಗಂಟೆಗೆ ಅಳೆದು, ಬಂದುದರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಬಳಸದಂತೆ ಬಿಟ್‌ರೇಟ್ ಇಡಬೇಕು.

ಕೊನೆಯದಾಗಿ ಕೀಲಿಗಳ ಮಾತು. 1935ನೇ ಪೋರ್ಟಿಗೆ ಯಾರು ಬೇಕಾದರೂ ವಿಡಿಯೊ ಕಳಿಸುವಂತೆ ಬಿಟ್ಟರೆ ವಿಳಾಸ ತಿಳಿದ ತುಂಟ ಹುಡುಗ ಪ್ರಾಂಶುಪಾಲರ ಭಾಷಣದ ಜಾಗದಲ್ಲಿ ಕ್ರಿಕೆಟ್ ಹಾಕಿಯಾನು. ತರಗತಿಯ ಕಂಪ್ಯೂಟರುಗಳ ಐಪಿಗೆ ಮಾತ್ರ ಅನುಮತಿ, ಉಳಿದವಕ್ಕೆಲ್ಲ ನಿರಾಕರಣೆ ಎಂದು ಎರಡು ಸಾಲು ಬರೆದರೆ ಆಯಿತು. ಬ್ರೌಸರ್‌ಗೆ ಸರ್ವರ್‌ನ ವಿಳಾಸ ಸುರಕ್ಷಿತವೆಂದು ತೋರಿಸುವ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರ 90 ದಿನದೊಳಗೆ ನವೀಕರಣ ಕೇಳುತ್ತದೆ. ಅದು ತಾನಾಗಿ ಆಗುತ್ತಿದೆಯೇ ಎಂದು ಒಬ್ಬರು ನೋಡುತ್ತಿರಬೇಕು. ಆ ಒಬ್ಬರು ಯಾರು ಎಂಬುದೇ ನಮ್ಮ ಕಾಲೇಜುಗಳಲ್ಲಿ ಬಗೆಹರಿಯದ ಪ್ರಶ್ನೆ. ಸಾಮಾನ್ಯವಾಗಿ ಕಂಪ್ಯೂಟರ್ ವಿಭಾಗದ ಅತಿಥಿ ಉಪನ್ಯಾಸಕರ ತಲೆಗೆ ಕಟ್ಟುತ್ತಾರೆ, ಸೆಮಿಸ್ಟರ್ ಮುಗಿದ ಮೇಲೆ ಪಾಸ್‌ವರ್ಡಿನ ಸಮೇತ ಅವರು ಹೊರಟುಹೋಗುತ್ತಾರೆ. ಕಾಯಂ ನೌಕರರೊಬ್ಬರಿಗೆ ಅಧಿಕೃತವಾಗಿ ಈ ಕೆಲಸ ಹಚ್ಚಿ, ಅದಕ್ಕಾಗಿ ವಾರಕ್ಕೆ ನಾಲ್ಕು ಗಂಟೆ ಬೋಧನೆಯ ಹೊರೆ ಇಳಿಸಿ, ಸರ್ವರ್, ರೂಟರ್, ಯೂಟ್ಯೂಬ್ ಚಾನೆಲ್ ಮೂರರ ಪಾಸ್‌ವರ್ಡನ್ನೂ ಒಂದು ಹಾಳೆಯಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ಪ್ರಾಂಶುಪಾಲರ ಬೀರುವಿನಲ್ಲಿ ಪ್ರಶ್ನೆಪತ್ರಿಕೆಗಳ ಪಕ್ಕದಲ್ಲಿಡಲಿ.

ಇಂತಿ,
ಕಾಲೇಜು ಜಾಲವೊಂದರ ನಿರ್ವಾಹಕ,
ಶಿವಮೊಗ್ಗ